ತಂತಿಗೆ ಚುಚ್ಚಿದ ಕಾಗದಗಳು: ಮಂಗಳೂರಿನ ಒಂದು ಹಳೆ ಮಂಡಿಯ ಪ್ರಕರಣ

ಇದು ಮಂಗಳೂರಿನ ಹಳೆ ಬಂದರಿನ ಹತ್ತಿರದ ಒಂದು ಮನೆಯ ವಿಷಯ. ಮನೆತನದ ಹೆಸರು, ಬೀದಿಯ ಹೆಸರು, ಮಂಡಿಯ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ. ಹಳೆ ವ್ಯಾಪಾರದ ಕಾಗದಪತ್ರ ಕೈಗೆ ಸಿಕ್ಕಾಗ ನಾವು ಏನು ಮಾಡಿದೆವು, ಯಾವುದನ್ನು ಹಾಳು ಮಾಡಿದೆವು, ಎಲ್ಲಿ ದಾರಿ ಸಿಕ್ಕಿತು ಅನ್ನುವುದು ಇನ್ನೊಬ್ಬರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಒಂದು ಟ್ರಂಕು ಇರಬಹುದು ಅಲ್ವಾ.

ಮೊದಲು ಊರಿನ ವಿಷಯ. ಮೊದಲ ಮಹಾಯುದ್ಧಕ್ಕೆ ಮುಂಚಿನ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಊರು. ಪಣಂಬೂರಿನ ಹೊಸ ಬಂದರು ಆಗಿದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಬಂದರು ಅಂದರೆ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಸೇರುವ ಅಳಿವೆಯ ಒಳಗಿನ ಧಕ್ಕೆ, ಅಂದರೆ ಸರಕು ಇಳಿಸುವ ಕಟ್ಟೆ. ಅಳಿವೆಯಲ್ಲಿ ಮರಳು ತುಂಬುತ್ತಿತ್ತು. ದೊಡ್ಡ ಸ್ಟೀಮರುಗಳು ಒಳಗೆ ಬರುವಂತಿರಲಿಲ್ಲ, ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕೆಲ್ಲ ದೋಣಿಯಲ್ಲಿ ಹೋಗಿ ಬರಬೇಕಿತ್ತು. ಹಾಯಿ ಕಟ್ಟಿದ ಪತ್ತೇಮಾರಿ, ಮಂಜಿಗಳು ಮಾತ್ರ ಧಕ್ಕೆಯವರೆಗೆ ಬರುತ್ತಿದ್ದವು. ಘಟ್ಟದ ಮೇಲಿಂದ ಕಾಫಿ ಇಳಿದು ಬಂದು ಇಲ್ಲಿ ಸಂಸ್ಕರಣೆಯಾಗಿ ಹಡಗು ಹತ್ತುತ್ತಿತ್ತು. ಜೊತೆಗೆ ಒಳ್ಳೆಮೆಣಸು, ಅಡಿಕೆ, ಅಕ್ಕಿ, ಗಂಧ, ಒಣಮೀನು. ಎಲ್ಲಕ್ಕಿಂತ ಹೆಸರು ಮಾಡಿದ್ದು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಊರಿನವರೂ ಕಾರ್ಖಾನೆ ಹಾಕಿದರು. ನದಿಯ ದಂಡೆಯ ಜೇಡಿಮಣ್ಣು, ದೋಣಿಯಲ್ಲಿ ಬರುವ ಸೌದೆ, ಎದುರಿಗೇ ಬಂದರು. ರೈಲು ಬಂದದ್ದು 1907ರಲ್ಲಿ.

ಈ ವ್ಯಾಪಾರದ ದಾಖಲೆ ಇಲ್ಲವೇ ಇಲ್ಲ ಅಂತಲ್ಲ. ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಚೆನ್ನಾಗಿ ಉಳಿದಿವೆ. ಸರಕಾರದ ಕಾಗದಗಳು ಚೆನ್ನೈಯ ಎಗ್ಮೋರಿನ ದಾಖಲೆ ಭಂಡಾರದಲ್ಲಿವೆ. ಆದರೆ ಧಕ್ಕೆಯ ಹಿಂದಿನ ಸಣ್ಣ ಮಂಡಿಯಲ್ಲಿ ಕೂತು ಸರಕು ಕೊಂಡು, ಕಟ್ಟಿ, ತಾಂಡೇಲನ (ಹಾಯಿಹಡಗು ನಡೆಸುವವನ) ಕೈಗೆ ಒಪ್ಪಿಸಿ, ಹುಂಡಿ (ಹಣ ಕೊಡಿ ಅಂತ ಬರೆದ ವ್ಯಾಪಾರದ ಚೀಟಿ) ಬರುವುದನ್ನು ಕಾಯುತ್ತಿದ್ದ ನಮ್ಮವರು ಬರೆದದ್ದು ಎಲ್ಲಿದೆ? ಜಾಸ್ತಿ ಭಾಗ ಅಟ್ಟದಲ್ಲಿ, ಇಲ್ಲವೇ ಒರಲೆಯ ಹೊಟ್ಟೆಯಲ್ಲಿ. ಅದಕ್ಕೇ ಈ ಮನೆಯಿಂದ ಫೋನ್ ಬಂದಾಗ ನಾನು ಮಾರನೇ ದಿನವೇ ಓಡಿದೆ.

ಮನೆ ಕೆಡವುವುದು ನಿಶ್ಚಯವಾಗಿತ್ತು. ಆಗ ಏಪ್ರಿಲ್, ಮೇ ಕೊನೆಗೆ ಮಳೆ. ಅಟ್ಟದಲ್ಲಿ ಎರಡು ಟ್ರಂಕು, ಒಂದು ಮರದ ಪೆಟ್ಟಿಗೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಮತ್ತು ಬ್ಯಾಂಕಿನಿಂದ ನಿವೃತ್ತರಾದ ಅವರ ಮಗಳು. ಅವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ನನ್ನ ಜೊತೆ ಕಾಲೇಜಿನ ಒಬ್ಬ ಹುಡುಗ. ಹಳೆ ಕಾಗದಪತ್ರಗಳ ಕೂಡಿಸಿ ಬರೆಯುವ ಮೋಡಿ ಅಕ್ಷರ ಓದಬಲ್ಲ ಒಬ್ಬ ಹಳೆ ಮಾಸ್ಟ್ರು ಮರುದಿನ ಬರುವವರಿದ್ದರು.

ಅವರು ಬರುವವರೆಗೆ ಕಾಯಬೇಕಿತ್ತು. ನಾವು ಕಾಯಲಿಲ್ಲ.

ಟ್ರಂಕಿನಲ್ಲಿ ಇದ್ದದ್ದು ಹೀಗೆ. ಮೊಣಕೈ ಉದ್ದದ ಕಬ್ಬಿಣದ ತಂತಿ, ಮೇಲೆ ಕೊಕ್ಕೆಯ ಹಾಗೆ ಬಗ್ಗಿಸಿದ್ದು, ಕೆಳಗೆ ಸಣ್ಣ ಮರದ ಬಿಲ್ಲೆ. ಉತ್ತರ ಬರೆದು ಮುಗಿದ ಕಾಗದವನ್ನು ನಡುಮಧ್ಯಕ್ಕೆ ಚುಚ್ಚಿ ಕೆಳಗೆ ತಳ್ಳುತ್ತಿದ್ದರು. ಹಳೆ ಕಿರಾಣಿ ಅಂಗಡಿಯಲ್ಲಿ ಬಿಲ್ಲು ಚುಚ್ಚಿಡುವುದನ್ನು ನೀವು ನೋಡಿರಬಹುದು, ಅದೇ. ಅಂಥ ಹನ್ನೊಂದು ತಂತಿ, 1906ರಿಂದ 1915ರವರೆಗಿನ ಕಾಗದ. ಮರದ ಪೆಟ್ಟಿಗೆಯಲ್ಲಿ ಕಿರ್ದಿ, ಖಾತೆ ಪುಸ್ತಕಗಳು ಮತ್ತು ತೆಳ್ಳನೆ ಹಾಳೆಯ ಎರಡು ಕಾಪಿ ಬುಕ್ಕು, ಅಂದರೆ ಕಳಿಸಿದ ಕಾಗದಗಳ ಪ್ರತಿ ಇಡುವ ಪುಸ್ತಕ.

ತುಕ್ಕು ಹಿಡಿದ ತಂತಿ ಕಾಗದವನ್ನು ತಿನ್ನುತ್ತಿದೆ, ಮೊದಲು ಅದನ್ನು ತೆಗೆಯೋಣ ಅಂತ ನಮಗೆ ಅನಿಸಿತು. ತೆಗೆದ ಮೇಲೆ ವರ್ಷದ ಪ್ರಕಾರ ಜೋಡಿಸೋಣ ಅಂತ ಚಾವಡಿಯ ನೆಲದ ಮೇಲೆ ಹತ್ತು ಕಡೆ ಚೀಟಿ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಎರಡು ತಂತಿ ಖಾಲಿ. ಎಷ್ಟು ಚಂದ ಕೆಲಸ ಆಗುತ್ತಿದೆ ಅಂತ ಖುಷಿಯಲ್ಲಿದ್ದೆವು.

ಮರುದಿನ ಮಾಸ್ಟ್ರು ಬಾಗಿಲಲ್ಲೇ ನಿಂತು ನೆಲ ನೋಡಿದರು. "ಇದು ಯಾವ ತಂತಿಯದ್ದು, ಎಷ್ಟನೇ ಕಾಗದ, ಬರೆದಿಟ್ಟುಕೊಂಡಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದರೆ ನಿಲ್ಲಿಸಿ ಮಾರಾಯ್ರೇ. ಮುಂದಿನದಕ್ಕೆ ಕೈ ಹಾಕಬೇಡಿ."

ಇಡೀ ಪ್ರಕರಣದ ದೊಡ್ಡ ತಿರುವು ಅದು. ಅವರು ಹೇಳಿದ್ದು ಬಹಳ ಸರಳ. ತಂತಿಗೆ ಚುಚ್ಚಿದವನಿಗೆ ಒಂದು ಲೆಕ್ಕ ಇತ್ತು. ಆ ಲೆಕ್ಕ ಏನು ಅಂತ ನಮಗೆ ಇನ್ನೂ ಗೊತ್ತಿಲ್ಲ. ಗೊತ್ತಾಗುವ ಮೊದಲೇ ನಮ್ಮ ಲೆಕ್ಕದಲ್ಲಿ ಜೋಡಿಸಿದರೆ ಅವನದ್ದು ಅಳಿಸಿಹೋಗುತ್ತದೆ. ತಾರೀಕಿನ ಪ್ರಕಾರ ಬೇಕಾದರೆ ಆಮೇಲೆ ಪಟ್ಟಿಯಲ್ಲಿ ಜೋಡಿಸಬಹುದು, ಕಂಪ್ಯೂಟರಿನಲ್ಲಿ ಅದು ಒಂದು ನಿಮಿಷದ ಕೆಲಸ. ಕಾಗದದ ಮೂಲ ಜಾಗ ಒಮ್ಮೆ ಕೆಟ್ಟರೆ ಯಾವ ಕಂಪ್ಯೂಟರೂ ತಂದುಕೊಡುವುದಿಲ್ಲ.

ಉಳಿದ ಒಂಬತ್ತು ತಂತಿಗಳಿಗೆ ಬೇರೆ ಕ್ರಮ ಮಾಡಿದೆವು. ಒಂದೊಂದು ತಂತಿಗೂ ನಂಬರು. ಕೆಳಗಿನ ಬಿಲ್ಲೆಯನ್ನು ಇಕ್ಕಳದಿಂದ ಕತ್ತರಿಸಿ, ಕಾಗದಗಳನ್ನು ಎಳೆಯದೆ ತಂತಿಯನ್ನೇ ಮೆಲ್ಲಗೆ ಮೇಲಕ್ಕೆ ತೆಗೆಯುವುದು. ಒಂದೊಂದು ಕಾಗದಕ್ಕೂ ಮೂಲೆಯಲ್ಲಿ ಪೆನ್ಸಿಲಿನಲ್ಲಿ ತಂತಿಯ ನಂಬರು, ಕೆಳಗಿನಿಂದ ಎಷ್ಟನೆಯದು ಅನ್ನುವ ನಂಬರು. ಎರಡೂ ಮಗ್ಗುಲಿನ ಫೋಟೋ, ಹಿಂದೆ ಏನೂ ಬರೆದಿಲ್ಲದಿದ್ದರೂ. ಆಮೇಲೆ ಅದೇ ತೂತಿನಲ್ಲಿ ಹತ್ತಿಯ ದಾರ ಸಡಿಲವಾಗಿ ಪೋಣಿಸುವುದು.

ಕೆಡಿಸಿದ ಎರಡು ತಂತಿಗಳನ್ನು ಸರಿಮಾಡಲು ಹುಡುಗ ಇಪ್ಪತ್ತು ದಿನ ಕೂತ. ತೂತಿನ ಸುತ್ತ ತುಕ್ಕಿನ ಕಂದು ಉಂಗುರ ಇರುತ್ತದೆ. ಮೇಲಿನ ಕಾಗದದ ಉಂಗುರಕ್ಕೂ ಕೆಳಗಿನದಕ್ಕೂ ಆಕಾರ ಹೊಂದುತ್ತದೆ. ಕೆಲವು ಕಡೆ ಒಂದು ಕಾಗದದ ಶಾಯಿ ಇನ್ನೊಂದರ ಬೆನ್ನಿಗೆ ತಿರುಗುಮುರುಗಾಗಿ ಅಂಟಿರುತ್ತದೆ. ನೀರಿನ ಕಲೆ ಒಂದರಿಂದ ಇನ್ನೊಂದಕ್ಕೆ ಚಿಕ್ಕದಾಗುತ್ತಾ ಹೋಗುತ್ತದೆ. ಭೂತಗನ್ನಡಿ ಹಿಡಿದು ಅವನು ಒಂದು ತಂತಿಯನ್ನು ಹೆಚ್ಚುಕಡಿಮೆ ಪೂರ್ತಿ ಕಟ್ಟಿದ. ಇನ್ನೊಂದು ಕೊನೆಗೂ ಬರಲಿಲ್ಲ. ಆ ಕಟ್ಟಿನ ಮೇಲೆ "ಕ್ರಮ ನಮ್ಮಿಂದ ಕೆಟ್ಟಿದೆ" ಅಂತ ಸ್ಪಷ್ಟವಾಗಿ ಬರೆದಿಟ್ಟಿದ್ದೇವೆ. ಮುಂದೆ ಓದುವವರಿಗೆ ಅದು ಗೊತ್ತಿರಬೇಕು.

ಹಾಗಾದರೆ ತಂತಿಯ ಲೆಕ್ಕ ಏನು? ವರ್ಷದ ಲೆಕ್ಕವೇ ಅಲ್ಲ. ಒಂದು ತಂತಿ ಪೂರ್ತಿ ತಾಂಡೇಲರದ್ದು, ಬೇರೆ ಬೇರೆ ಬಂದರಿನಿಂದ ಬರೆಸಿ ಕಳಿಸಿದ್ದು. ಒಂದು ಮುಂಬಯಿಯ ಅಡತಿಯವರದ್ದು, ಅಂದರೆ ಕಮಿಷನ್ನಿಗೆ ಸರಕು ಮಾರಿಕೊಡುವವರದ್ದು. ಒಂದು ಹೆಂಚಿಗೆ ಸಂಬಂಧಪಟ್ಟದ್ದು. ಎರಡು ಸಾಲ ಮತ್ತು ಹುಂಡಿಯದ್ದು. ಕೆಳಗಿನಿಂದ ಮೇಲಕ್ಕೆ ಇದ್ದದ್ದು ಕಾಗದ ಬಂದ ಕ್ರಮವೂ ಅಲ್ಲ, ಉತ್ತರ ಹೋದ ಕ್ರಮ. ಇದು ಹೊಳೆದದ್ದು ಮುಂಬಯಿಯ ತಂತಿಯಲ್ಲಿ. ಪುಷ್ಯ ಮಾಸದ ಒಂದು ಕಾಗದ ಚೈತ್ರದ ಕಾಗದಗಳ ನಡುವೆ ಕೂತಿತ್ತು. ತಪ್ಪಿ ಚುಚ್ಚಿದ್ದಾರೆ ಅಂದುಕೊಂಡೆವು. ಕಾಪಿ ಬುಕ್ಕು ತೆಗೆದು ನೋಡಿದರೆ ಅದಕ್ಕೆ ಉತ್ತರ ಹೋದದ್ದೇ ಚೈತ್ರದಲ್ಲಿ. ಅಡತಿಯವರು ಬಾಕಿ ಕೇಳಿದ್ದರು. ಖಾತೆ ಪುಸ್ತಕದಲ್ಲಿ ಆ ಮೂರು ತಿಂಗಳು ಮಂಡಿಯ ಕೈಯಲ್ಲಿ ಹಣವೇ ಇರಲಿಲ್ಲ. ಹಣ ಬಂದ ವಾರವೇ ಉತ್ತರ ಬರೆದಿದ್ದಾರೆ. ತಾರೀಕಿನ ಪ್ರಕಾರ ಜೋಡಿಸಿದ್ದರೆ ಆ ಕಾಗದ ಪುಷ್ಯದಲ್ಲಿ ಸುಮ್ನೆ ಕೂತಿರುತ್ತಿತ್ತು, ಮೂರು ತಿಂಗಳು ಒಬ್ಬ ವ್ಯಾಪಾರಿ ಉತ್ತರ ಬರೆಯಲಾಗದೆ ಒದ್ದಾಡಿದ್ದು ಯಾರಿಗೂ ಕಾಣುತ್ತಿರಲಿಲ್ಲ.

ಕಾಪಿ ಬುಕ್ಕಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಎರಡನೇ ತಪ್ಪು ಅಲ್ಲಿ ಆಯಿತು. ಕಳಿಸುವ ಕಾಗದದ ಪ್ರತಿ ಇಟ್ಟುಕೊಳ್ಳಲು ಆಗ ಇದು ಬಳಕೆಯಲ್ಲಿತ್ತು. ವಿಶೇಷ ಶಾಯಿಯಲ್ಲಿ ಕಾಗದ ಬರೆದು, ತೆಳ್ಳನೆಯ ಹಾಳೆಯನ್ನು ಒದ್ದೆ ಮಾಡಿ, ಅದರ ಕೆಳಗೆ ಆ ಕಾಗದ ಇಟ್ಟು, ಕಬ್ಬಿಣದ ಪ್ರೆಸ್ಸಿನಲ್ಲಿ ಒತ್ತುತ್ತಿದ್ದರು. ಅಕ್ಷರ ತಿರುಗುಮುರುಗಾಗಿ ಅಂಟುತ್ತದೆ, ಹಾಳೆ ತೆಳ್ಳಗಿರುವುದರಿಂದ ಹಿಂದಿನಿಂದ ನೇರವಾಗಿ ಓದಬಹುದು. ಅಂದರೆ ಆ ಶಾಯಿ ನೀರು ತಾಗಿದರೆ ಬಿಡಬೇಕು ಅಂತಲೇ ಮಾಡಿದ್ದು. ಇದು ನನಗೆ ಆಗ ಗೊತ್ತಿರಲಿಲ್ಲ. ಒಂದು ಹಾಳೆಯ ಮೇಲೆ ಬೂಷ್ಟು ಇತ್ತು, ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ನೇರಳೆ ಬಣ್ಣ ಕಣ್ಣೆದುರಿಗೇ ಹರಡಿತು. ನಾಲ್ಕು ಸಾಲು ಹೋಯಿತು. ಆ ಸಾಲುಗಳಲ್ಲಿ ಏನಿತ್ತು ಅಂತ ಈಗಲೂ ಯೋಚಿಸುತ್ತೇನೆ. ಅವತ್ತಿನಿಂದ ಒಣ ಬ್ರಶ್ಶು ಬಿಟ್ಟು ಬೇರೆ ಏನನ್ನೂ ಕಾಗದಕ್ಕೆ ತಾಗಿಸಿಲ್ಲ. ಬಿಸಿಲಿಗೂ ಹಾಕಿಲ್ಲ, ನೆರಳಿನಲ್ಲಿ ಗಾಳಿಗೆ ಮಾತ್ರ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ಕುಟುಂಬದ ಒಬ್ಬ ಹುಡುಗ ತುಂಬ ಪ್ರೀತಿಯಿಂದ ಮೂವತ್ತು ಕಾಗದ ತೆಗೆದುಕೊಂಡು ಹೋಗಿ ಲ್ಯಾಮಿನೇಶನ್ ಮಾಡಿಸಿ ತಂದ. ಬಿಸಿಗೆ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಇನ್ನು ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಒಳಗಿನ ಆಮ್ಲವೂ ಒಳಗೇ ಉಳಿಯುತ್ತದೆ. ಅವನಿಗೆ ಬೈಯಲು ಮನಸ್ಸಾಗಲಿಲ್ಲ. ಮೊದಲ ದಿನವೇ ಮನೆಯವರನ್ನೆಲ್ಲ ಕೂರಿಸಿ ಹೇಳಬೇಕಿತ್ತು, ನಾವು ಹೇಳಿರಲಿಲ್ಲ.

ಇನ್ನು ತಾರೀಕು. "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರುವಾಗುವ ಕಾಗದಗಳಲ್ಲಿ ಸಂವತ್ಸರ, ಮಾಸ, ತಿಥಿ ಇರುತ್ತದೆ, ಇಂಗ್ಲಿಷ್ ತಾರೀಕು ಇರುವುದಿಲ್ಲ. ಪ್ರಮಾದೀಚ ಸಂವತ್ಸರ ಅಂದರೆ 1913 ಅಂತ ನಾವು ಎಲ್ಲವನ್ನೂ 1913ಕ್ಕೆ ಹಾಕಿದ್ದೆವು. ಆದರೆ ಆ ಸಂವತ್ಸರ ಮುಗಿದದ್ದು 1914ರ ಮಾರ್ಚ್ ಕೊನೆಗೆ. ಮಾಘ, ಫಾಲ್ಗುಣದ ಕಾಗದಗಳೆಲ್ಲ 1914ರವು. ಇದರ ಮೇಲೆ ಒಕ್ಕಲಿನವರು ಬರೆಸಿದ ಚೀಟಿಗಳಲ್ಲಿ ಪಗ್ಗು, ಬೇಶ ಅಂತ ತುಳು ತಿಂಗಳು, ಅದು ಬಿಸುವಿನಿಂದ ಶುರು. ಖಾತೆ ಪುಸ್ತಕ ದೀಪಾವಳಿಗೆ ಬದಲಾಗುತ್ತದೆ. ಸ್ಟೀಮರ್ ಕಂಪನಿಯ ರಸೀದಿಯಲ್ಲಿ ಜನವರಿಯಿಂದ ಡಿಸೆಂಬರ್. ಒಂದೇ ಮಂಡಿಯಲ್ಲಿ ನಾಲ್ಕು ಹೊಸ ವರ್ಷ. ಅಕ್ಕ ಬ್ಯಾಂಕಿನವರಲ್ವಾ, ಒಂದು ದೊಡ್ಡ ಹಾಳೆಯಲ್ಲಿ ನಾಲ್ಕನ್ನೂ ಅಕ್ಕಪಕ್ಕ ಗೆರೆ ಹಾಕಿ ಗೋಡೆಗೆ ಅಂಟಿಸಿದರು. ಆ ಹಾಳೆ ಇಲ್ಲದೆ ನಾವು ಮುಂದೆ ಹೋಗುವುದಕ್ಕೇ ಆಗುತ್ತಿರಲಿಲ್ಲ. ತಿಥಿಯೂ ಇಲ್ಲದ ಕಾರ್ಡುಗಳಿಗೆ ಅಂಚೆ ಮುದ್ರೆ ನೋಡಿದೆವು. ಮುದ್ರೆ ಮಾಸಿದ್ದರೆ ರಾಜನ ಮುಖ. ಕಾಲಾಣೆಯ ಕಾರ್ಡಿನಲ್ಲಿ ಐದನೇ ಜಾರ್ಜ್ ಇದ್ದರೆ ಅದು ಏಳನೇ ಎಡ್ವರ್ಡ್ 1910ರಲ್ಲಿ ತೀರಿಕೊಂಡ ಮೇಲಿನದ್ದು. ಅಷ್ಟಂತೂ ಖಚಿತ.

ಲೆಕ್ಕದ ಗೀಟುಗಳೂ ಹಾಗೆಯೇ. ಕಾಲೇಜಿನ ಹುಡುಗ ಒಂದು ಕಡೆ ೨೫॥ ಅನ್ನುವುದನ್ನು 2511 ಅಂತ ಓದಿದ್ದ. ಮೊತ್ತ ಎಲ್ಲಿಗೋ ಹೋಯಿತು. ನಿಂತ ಗೀಟು ಒಂದೊಂದೂ ಒಂದು ಪಾವಲಿ, ಅಂದರೆ ನಾಲ್ಕಾಣೆ. ಎರಡು ಗೀಟು ಎಂಟಾಣೆ. ಅದು ಇಪ್ಪತ್ತೈದೂವರೆ ರೂಪಾಯಿ. ಇದನ್ನು ಅಜ್ಜ ಕನ್ನಡಕ ಕೂಡ ಹಾಕದೆ ಹೇಳಿದರು.

ಅಜ್ಜನ ಬಾಯಿಂದಲೇ ಎರಡನೇ ದೊಡ್ಡ ತಿರುವು ಬಂತು. ತಾಂಡೇಲರ ತಂತಿಯಲ್ಲಿ ಪ್ರತಿ ವರ್ಷ ಒಂದು ಖಾಲಿ ಜಾಗ. ವೈಶಾಖದ ಕಾಗದ ಆದ ಮೇಲೆ ನೇರ ಭಾದ್ರಪದ. ಜ್ಯೇಷ್ಠ, ಆಷಾಢ, ಶ್ರಾವಣದ ಕಾಗದಗಳೇ ಇಲ್ಲ. ಒಂದು ಕಟ್ಟು ಕಳೆದುಹೋಗಿದೆ ಅಂತ ತೀರ್ಮಾನ ಮಾಡಿ ನಾವು ಎರಡು ವಾರ ನೆಂಟರ ಮನೆಗಳ ಅಟ್ಟ ಹತ್ತಿ ಇಳಿದೆವು. ಕೊನೆಗೆ ಅಕ್ಕ ಅಪ್ಪನ ಹತ್ತಿರ ಕೇಳಿದರು. "ಮಳೆಗಾಲದಲ್ಲಿ ಎಂತ ಹಡಗು? ಅಳಿವೆ ಬಾಗಿಲು ಮುಚ್ಚಿರುತ್ತಿತ್ತಲ್ಲ. ಕಾಗದ ಯಾರು ಬರೆಯುದು?" ಅಂದರು ಅಜ್ಜ.

ಕಾಗದ ಕಳೆದಿರಲಿಲ್ಲ. ಕಡಲೇ ಮುಚ್ಚಿತ್ತು. ಮೇ ತಿಂಗಳ ನಡುವಿನಿಂದ ಮಳೆಗಾಲ ಇಳಿಯುವವರೆಗೆ ಹಳೆ ಬಂದರಿನಲ್ಲಿ ಹಡಗಿನ ವ್ಯಾಪಾರ ನಿಲ್ಲುತ್ತಿತ್ತು ಅನ್ನುವುದು ನನಗೂ ಓದಿ ಗೊತ್ತಿದ್ದ ಸಂಗತಿಯೇ. ಆದರೆ ಕೈಯಲ್ಲಿರುವ ಖಾಲಿ ಜಾಗಕ್ಕೂ ಅದಕ್ಕೂ ಗಂಟು ಹಾಕಿರಲಿಲ್ಲ. ಆಮೇಲೆ ಸಾಲದ ತಂತಿಗಳನ್ನು ನೋಡಿದರೆ ಅವು ಅದೇ ಮೂರು ತಿಂಗಳಲ್ಲಿ ದಪ್ಪ. ಸರಕು ಗೋದಾಮಿನಲ್ಲಿ, ಹಣ ಸರಕಿನಲ್ಲಿ, ಮಳೆ ಹೊರಗೆ. ಆಗ ಜನ ಸಾಲಕ್ಕೆ ಬರೆಯುತ್ತಾರೆ, ಸಾಲ ಕೊಟ್ಟವರು ಬಾಕಿಗೆ ಬರೆಯುತ್ತಾರೆ. ಎರಡು ತಂತಿಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ಉಬ್ಬಿದಲ್ಲಿ ಇನ್ನೊಂದು ತಗ್ಗು. ಈ ಬಂದರಿನ ವರ್ಷ ಹೇಗಿತ್ತು ಅಂತ ಅದನ್ನು ನೋಡಿದಷ್ಟು ಚೆನ್ನಾಗಿ ಬೇರೆಲ್ಲೂ ನಾನು ನೋಡಿಲ್ಲ.

1914ಕ್ಕೆ ಬಂದಾಗ ಇದು ಇನ್ನೂ ಮುಖ್ಯವಾಯಿತು. ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧ ಸಾರಿತು. ಆಗ ಇಲ್ಲಿ ಆನಂದ ಸಂವತ್ಸರದ ಶ್ರಾವಣ, ಒಂದೆರಡು ದಿನದಲ್ಲೇ ನೂಲ ಹುಣ್ಣಿಮೆ. ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಕಸುಬು ಶುರು ಮಾಡುವ ಹೊತ್ತು. ಪ್ರತಿ ವರ್ಷ ಆಮೇಲಿನ ವಾರಗಳಲ್ಲಿ ತಾಂಡೇಲರ ಕಾಗದ ಒಂದರ ಮೇಲೊಂದು ಬರುತ್ತದೆ. ಆ ವರ್ಷ ತಂತಿಯಲ್ಲಿ ಭಾದ್ರಪದವೂ ಹೆಚ್ಚುಕಡಿಮೆ ಖಾಲಿ. ಮಳೆಗಾಲದ ಖಾಲಿ ಯಾವುದು ಅಂತ ಗೊತ್ತಿದ್ದದ್ದರಿಂದಲೇ ಇದು ಬೇರೆ ಖಾಲಿ ಅಂತ ತಿಳಿಯಿತು. ಜರ್ಮನರ ಎಮ್‌ಡೆನ್ ಹಡಗು ಸೆಪ್ಟೆಂಬರಿನಲ್ಲಿ ಬಂಗಾಳ ಕೊಲ್ಲಿಗೆ ನುಗ್ಗಿತ್ತು, 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತು. ಅಕ್ಟೋಬರಿನಲ್ಲಿ ನಮ್ಮ ಕಡೆಗೇ ಬಂತು, ಮಿನಿಕಾಯ್ ದ್ವೀಪದ ಹತ್ತಿರ ಸ್ಟೀಮರುಗಳನ್ನು ಹಿಡಿಯಿತು. ಮುಂಬಯಿಯ ತಂತಿಯಲ್ಲಿ ಅಡತಿಯವರ ಒಂದು ಕಾಗದ ಇದೆ, ಸುದ್ದಿ ತಿಳಿಯಾಗುವವರೆಗೆ ಮೆಣಸು ಹಡಗಿಗೆ ಹಾಕಬೇಡಿ ಅಂತ. ನವೆಂಬರ್ 9ಕ್ಕೆ ಎಮ್‌ಡೆನ್ ಕೊಕೋಸ್ ದ್ವೀಪದ ಹತ್ತಿರ ನಾಶವಾಯಿತು. ತಂತಿಯಲ್ಲಿ ಕಾಗದಗಳು ಮತ್ತೆ ದಟ್ಟವಾಗುವುದು ಅದರ ನಂತರ. ಒಂದು ಯುದ್ಧನೌಕೆಯ ಓಡಾಟ ಧಕ್ಕೆಯ ಹಿಂದಿನ ಮಂಡಿಯ ತಂತಿಯಲ್ಲಿ ಬೆರಳಷ್ಟು ಜಾಗವಾಗಿ ಉಳಿದಿದೆ. ಹೆಂಚಿನ ತಂತಿ ಮಾತ್ರ 1915ರವರೆಗೂ ಸೊರಗುತ್ತಲೇ ಹೋಗುತ್ತದೆ.

ಸಾಲದ ತಂತಿಗಳಿಂದಲೇ ಮನೆಯೊಳಗೆ ದೊಡ್ಡ ಮಾತುಕತೆಯೂ ಆಯಿತು. ಯಾರು ಚಿನ್ನ ಅಡವಿಟ್ಟರು, ಯಾರು ಗದ್ದೆ ಬರೆದುಕೊಟ್ಟರು, ಎಲ್ಲ ಹೆಸರು ಸಮೇತ ಇದೆ. ಅಜ್ಜ ಸುಟ್ಟುಬಿಡಿ ಅಂದರು. "ಅವರ ಮೊಮ್ಮಕ್ಕಳು ಈಗಲೂ ಇದೇ ಊರಲ್ಲಿ ಇದ್ದಾರೆ. ನನ್ನ ಅಜ್ಜ ಗುಟ್ಟಾಗಿ ಇಟ್ಟದ್ದನ್ನು ನಾನು ಬೀದಿಗೆ ಹಾಕುದಾ?" ಅವರ ಮಾತಿನಲ್ಲಿ ನ್ಯಾಯ ಇತ್ತು. ಇತಿಹಾಸ, ಸಂಶೋಧನೆ ಅಂತ ನಾವು ವಾದ ಮಾಡಲಿಲ್ಲ. ಮೂರು ದಿನ ಬಿಟ್ಟು ಅಕ್ಕ ಒಂದು ದಾರಿ ಹೇಳಿದರು. ಆ ಎರಡು ಕಟ್ಟು ಬೇರೆ ಪೆಟ್ಟಿಗೆಯಲ್ಲಿ, ಮೊಹರು ಹಾಕಿ. ಪಟ್ಟಿಯಲ್ಲಿ ಎಷ್ಟು ಕಾಗದ, ಯಾವ ತಿಂಗಳು ಅಂತ ಮಾತ್ರ, ಹೆಸರು ಬೇಡ. ತೆರೆಯಬೇಕಾದರೆ ಮನೆಯವರ ಬರಹದ ಒಪ್ಪಿಗೆ ಬೇಕು. ಅಜ್ಜ ಒಪ್ಪಿದರು, ಮೊಹರನ್ನು ತಾವೇ ಒತ್ತಿದರು. ಮೇಲೆ ಹೇಳಿದ ಉಬ್ಬು ತಗ್ಗು ಕಾಣಲು ಎಷ್ಟು ಕಾಗದ, ಯಾವ ತಿಂಗಳು ಅನ್ನುವಷ್ಟೇ ಸಾಕಾಗಿತ್ತು. ಯಾರ ಮಾನವನ್ನೂ ಬೀದಿಗೆ ತರಬೇಕಾಗಿ ಬರಲಿಲ್ಲ.

ಇಡುವುದೆಲ್ಲಿ ಅನ್ನುವುದೂ ಸುಲಭವಾಗಿರಲಿಲ್ಲ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ನಮ್ಮ ಮಳೆಗಾಲ ಅದನ್ನು ಎಷ್ಟೋ ದಾಟಿರುತ್ತದೆ. ಯಾವ ಮನೆಯಲ್ಲಿಟ್ಟರೂ ಉಳಿಯುವುದು ಕಷ್ಟ. ಕೊನೆಗೆ ತೇವ ತೆಗೆಯುವ ಯಂತ್ರ ಇರುವ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿದೆವು. ದಾನವಾಗಿ ಅಲ್ಲ, ಇಟ್ಟುಕೊಳ್ಳಲು ಕೊಟ್ಟದ್ದು. ಕಾಗದ ಮನೆಯವರದ್ದೇ ಅಂತ ಬರಹದಲ್ಲಿದೆ. ಫೋಟೋಗಳ ಒಂದು ಪ್ರತಿ ಅಲ್ಲಿ, ಒಂದು ಅಕ್ಕನ ಹತ್ತಿರ, ಒಂದು ಬೇರೆ ಊರಿನಲ್ಲಿ. ಫೈಲಿನ ಹೆಸರು ತಂತಿಯ ನಂಬರು ಮತ್ತು ಕಾಗದದ ನಂಬರು, ಬೇರೆ ಏನೂ ಇಲ್ಲ.

ನನ್ನನ್ನು ಕೇಳಿದರೆ, ಇಂಥ ಟ್ರಂಕು ಸಿಕ್ಕಿದ ಮೊದಲ ವಾರ ಓದುವುದೇ ಬೇಡ. ಮುಚ್ಚಳ ತೆಗೆದ ಕೂಡಲೇ ಒಂದು ಫೋಟೋ, ಪ್ರತಿ ಪದರಕ್ಕೆ ಒಂದು ಫೋಟೋ, ಪ್ರತಿ ಕಟ್ಟಿಗೆ ಒಂದು ನಂಬರು. ಕಾಣೆಯಾಗಿದೆ ಅನಿಸಿದ್ದನ್ನು ಹುಡುಕಲು ಹೊರಡುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಒಂದು ಕಾಫಿ ಕುಡಿಯಿರಿ. ನಾವು ಅಜ್ಜನನ್ನು ಎರಡು ವಾರ ತಡವಾಗಿ ಕೇಳಿದೆವು.

ಈಗ ಮನೆ ಇಲ್ಲ. ಹೆಂಚುಗಳನ್ನು ಕಾರ್ಖಾನೆಯ ಮುದ್ರೆ ಕಾಣುವ ಹಾಗೆ ಜೋಡಿಸಿ ಅಕ್ಕ ಹೊಸ ಮನೆಯ ಹಿತ್ತಿಲಲ್ಲಿ ಇಟ್ಟಿದ್ದಾರೆ. ಒಂದು ತಂತಿ ಮಾತ್ರ ಬಿಚ್ಚದೆ ಉಳಿದಿದೆ. ಅದರಲ್ಲಿ ಇರುವುದೆಲ್ಲ ಗುಜರಾತಿ ಅಕ್ಷರ, ಕಛ್‌ನ ಮಾಂಡ್ವಿಯಿಂದ ಬಂದ ಕಾಗದಗಳು. ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ. ಬಂದರಿನಲ್ಲಿ ಅಂಗಡಿ ಇದ್ದ ಮನೆತನದ ಒಬ್ಬ ಹಿರಿಯರು ಮಳೆ ನಿಂತ ಮೇಲೆ ಬರುತ್ತೇನೆ ಅಂದಿದ್ದಾರೆ. ಅವರು ಬರುವವರೆಗೆ ಆ ತಂತಿಯನ್ನು ಬಿಚ್ಚುವುದಿಲ್ಲ.